ಎಗ್ಲಂಟೈನ್ ಜೆಬ್

1919ನೆಯ ಇಸವಿಯ ವಸಂತಕಾಲ. ಲಂಡನ್ ನಗರದ ಟ್ರಫಾಲ್ಗರ್ ಚೌಕದಲ್ಲಿ ಮಹಿಳೆಯೊಬ್ಬಳು ದಾರಿಹೋಕರ ಕೈಗೆ ಕರಪತ್ರಗಳನ್ನು ಕೊಡುತ್ತ ನಿಂತಿದ್ದಳು. ಆಕೆಯ ವಯಸ್ಸು ನಲವತ್ತೆರಡು. ಉಡುಪು ಸರಳ, ಮುಖದಲ್ಲಿ ದೀರ್ಘಕಾಲದ ಅನಾರೋಗ್ಯದ ಛಾಯೆ. ಕರಪತ್ರದ ಮೇಲೆ ಒಂದು ಮಗುವಿನ ಚಿತ್ರ ಅಚ್ಚಾಗಿತ್ತು. ಅದು ಆಸ್ಟ್ರಿಯ ದೇಶದ ಮಗು. ಹುಟ್ಟಿ ಎರಡು ವರ್ಷ ಕಳೆದಿದ್ದರೂ ನಿಲ್ಲಲಾರದಷ್ಟು ನಿತ್ರಾಣ. ತಲೆ ಮಾತ್ರ ದೊಡ್ಡದು, ಕೈಕಾಲುಗಳು ಕಡ್ಡಿಯಂತೆ. ಈ ಹಸಿವಿಗೆ ಬ್ರಿಟನ್ ಹಾಕಿದ ದಿಗ್ಬಂಧನವೇ ಕಾರಣವೆಂದು ಆ ಹಾಳೆ ಸಾರುತ್ತಿತ್ತು. ಕೆಲವರು ಅದನ್ನು ಓದಿ ಮೌನವಾಗಿ ನಡೆದರು, ಕೆಲವರು ಕೆರಳಿದರು. ಪೊಲೀಸರು ಬಂದು ಆಕೆಯನ್ನು ಬಂಧಿಸಿದರು. ಆಕೆಯ ಹೆಸರು ಎಗ್ಲಂಟೈನ್ ಜೆಬ್.

ಯುದ್ಧ ಮುಗಿದು ಆಗಲೇ ತಿಂಗಳುಗಳು ಕಳೆದಿದ್ದವು. 1914ರಲ್ಲಿ ಹೊತ್ತಿಕೊಂಡ ಮೊದಲನೆಯ ಮಹಾಯುದ್ಧ 1918ರ ನವೆಂಬರ್ 11ರಂದು ನಿಂತಿತು. ಆದರೆ ಶತ್ರುದೇಶಗಳಿಗೆ ಹಡಗುಗಳಲ್ಲಿ ಆಹಾರ ಸಾಮಗ್ರಿ ಹೋಗದಂತೆ ಮಿತ್ರರಾಷ್ಟ್ರಗಳು ವಿಧಿಸಿದ್ದ ದಿಗ್ಬಂಧನ ಒಡನೆಯೇ ತೊಲಗಲಿಲ್ಲ. ಸೋತವರು ಸಂಧಿಪತ್ರಕ್ಕೆ ರುಜು ಹಾಕುವವರೆಗೂ ಹಿಡಿತವನ್ನು ಬಿಡಬಾರದೆಂಬುದು ಗೆದ್ದವರ ಎಣಿಕೆ. ಜರ್ಮನಿಯ ಮೇಲಿನ ದಿಗ್ಬಂಧನ 1919ರ ಜುಲೈವರೆಗೂ ಮುಂದುವರಿಯಿತು. ವಿಯೆನ್ನದಂತಹ ವೈಭವದ ನಗರದಲ್ಲಿ ಹಾಲಿಲ್ಲ, ಕೊಬ್ಬಿಲ್ಲ, ಚಳಿಗೆ ಕಲ್ಲಿದ್ದಲಿಲ್ಲ. ಮಕ್ಕಳಲ್ಲಿ ಕ್ಷಯವೂ ಮೂಳೆಗಳು ಬಾಗುವ ರೋಗವೂ ಹಬ್ಬಿದವು. ಯುದ್ಧವನ್ನು ಹೂಡಿದವರು ಚಕ್ರವರ್ತಿಗಳು, ಮಂತ್ರಿಗಳು, ಸೇನಾಪತಿಗಳು. ಅದರ ಸಾಲವನ್ನು ತೀರಿಸುವ ಭಾರ ಬಿದ್ದದ್ದು ತೊಟ್ಟಿಲಿನ ಮೇಲೆ.

ಜೆಬ್ ಬಡತನವನ್ನು ಉಂಡು ಬೆಳೆದವಳಲ್ಲ. 1876ನೆಯ ಆಗಸ್ಟ್ 25ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಎಲ್ಸ್‌ಮಿಯರ್ ಬಳಿಯ ಅನುಕೂಲಸ್ಥ ಮನೆತನವೊಂದರಲ್ಲಿ ಆಕೆ ಜನಿಸಿದಳು. ಆರು ಮಂದಿ ಮಕ್ಕಳಲ್ಲಿ ನಾಲ್ಕನೆಯವಳು. ಓಡಿಯಾಡಲು ವಿಶಾಲವಾದ ಹೊಲಗದ್ದೆ, ಏರಲು ಕುದುರೆ, ಓದಲು ಮನೆ ತುಂಬ ಪುಸ್ತಕಗಳು. ತಾಯಿ ಹಳ್ಳಿಯ ಬಡವರಿಗೆ ಮರಗೆಲಸ, ಕೆತ್ತನೆ ಮೊದಲಾದ ಕೈಗಾರಿಕೆಗಳನ್ನು ಕಲಿಸುವ ಸಂಘವೊಂದನ್ನು ಕಟ್ಟಿದ್ದಳು. ಹೆಣ್ಣುಮಕ್ಕಳು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವುದು ಅಪರೂಪವಾಗಿದ್ದ ಕಾಲದಲ್ಲಿ ಎಗ್ಲಂಟೈನ್ ಆಕ್ಸ್‌ಫರ್ಡಿನ ಲೇಡಿ ಮಾರ್ಗರೆಟ್ ಹಾಲ್ ಎಂಬ ಮಹಿಳಾ ಕಾಲೇಜನ್ನು ಸೇರಿ ಇತಿಹಾಸವನ್ನು ಅಭ್ಯಾಸ ಮಾಡಿದಳು. ಅವಳ ವಿದ್ಯಾಭ್ಯಾಸದ ದಿನಗಳಲ್ಲೇ ಪ್ರೀತಿಯ ತಮ್ಮನೊಬ್ಬನು ಶಾಲೆಯಲ್ಲಿದ್ದಾಗಲೇ ತೀರಿಕೊಂಡನು. ಆ ನೋವು ಅವಳಲ್ಲಿ ಬಹುಕಾಲ ಉಳಿಯಿತು.

ವಿದ್ಯಾಭ್ಯಾಸ ಮುಗಿದ ಮೇಲೆ, ಬಡವರಿಗೆ ಸೇವೆ ಸಲ್ಲಿಸಬೇಕೆಂಬ ಹಂಬಲದಿಂದ ಮಾರ್ಲ್‌ಬರೋ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಆಕೆ ಉಪಾಧ್ಯಾಯಿನಿಯಾದಳು. ಅಲ್ಲಿ ಆಕೆಗೆ ದೊರೆತದ್ದು ಯಶಸ್ಸಲ್ಲ. ತರಗತಿಯ ಗದ್ದಲವನ್ನು ಹತೋಟಿಯಲ್ಲಿಡುವುದು ಅವಳಿಗೆ ಒಗ್ಗಲಿಲ್ಲ, ಆರೋಗ್ಯವೂ ಕೆಟ್ಟಿತು. ಎರಡು ವರ್ಷ ತುಂಬುವುದರೊಳಗಾಗಿ ಕೆಲಸವನ್ನು ಬಿಟ್ಟಳು. ಮಕ್ಕಳೊಡನೆ ಕುಳಿತು ಆಡಿ ನಲಿಯುವ ಸ್ವಭಾವ ತನ್ನದಲ್ಲವೆಂಬುದನ್ನು ಆಕೆ ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದಳು. ಜೀವಮಾನವನ್ನೆಲ್ಲ ಮಕ್ಕಳಿಗಾಗಿ ಸವೆಸಿದವಳ ವಿಷಯದಲ್ಲಿ ಇದು ವಿಚಿತ್ರವೆನಿಸಬಹುದು. ಆದರೆ ಮಗುವನ್ನು ಮುದ್ದಾಡುವ ಗುಣ ಬೇರೆ, ಮಗುವಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕೆಂಬ ಛಲ ಬೇರೆ. ಮೊದಲನೆಯದು ತನ್ನ ಮನೆಯ ಹೊಸ್ತಿಲಲ್ಲಿಯೇ ನಿಂತುಬಿಡುವುದುಂಟು.

ಅನಂತರ ಆಕೆ ಕೇಂಬ್ರಿಜ್ ನಗರದಲ್ಲಿ ತಾಯಿಯೊಡನೆ ನೆಲಸಿ ಸಮಾಜಸೇವೆಯ ಸಂಸ್ಥೆಯೊಂದರಲ್ಲಿ ದುಡಿದಳು. ವಿದ್ಯಾಪೀಠದ ಭವ್ಯ ಕಟ್ಟಡಗಳ ಹಿಂದಣ ಬಡವರ ಕೇರಿಗಳನ್ನು ಸುತ್ತಿ, ಅಲ್ಲಿನ ವಸತಿ, ಉದ್ಯೋಗ, ಕುಡಿತ, ಶಿಕ್ಷಣಗಳನ್ನು ಪರಿಶೀಲಿಸಿ 1906ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಶಾಲೆ ಬಿಟ್ಟ ಹುಡುಗರು ಸಿಕ್ಕಿದ ಕೂಲಿಗೆ ಬಿದ್ದು ಕೆಡದಂತೆ ಅವರಿಗೆ ತಕ್ಕ ಉದ್ಯೋಗವನ್ನು ಗೊತ್ತುಮಾಡುವ ನೋಂದಣಿ ಕಚೇರಿಯನ್ನು ನಡೆಸಿದಳು. ಮರುಕಪಟ್ಟು ಕೊಡುವ ಕಾಸಿಗಿಂತ, ವಿಷಯವನ್ನು ತಿಳಿದು ಲೆಕ್ಕವಿಟ್ಟು ಮಾಡುವ ಕೆಲಸ ಹೆಚ್ಚಿನದೆಂಬ ಪಾಠವನ್ನು ಆಕೆ ಕಲಿತದ್ದು ಇಲ್ಲಿಯೇ. 1913ರಲ್ಲಿ ಬಾಲ್ಕನ್ ಯುದ್ಧಗಳಿಂದ ನಿರಾಶ್ರಿತರಾದವರ ನೆರವಿಗೆಂದು ಮೆಸಿಡೋನಿಯಕ್ಕೆ ಹೋದಾಗ, ಊರು ಬಿಟ್ಟು ಬೀದಿಗೆ ಬಿದ್ದ ತಾಯಿ ಮಕ್ಕಳನ್ನು ಕಣ್ಣಾರೆ ಕಂಡಳು. ಹಂಚುವ ಗಂಜಿ ಇಂದಿನ ಹಸಿವನ್ನು ನೀಗಬಲ್ಲುದೇ ಹೊರತು ನಾಳಿನ ಯುದ್ಧವನ್ನು ತಡೆಯಲಾರದೆಂಬುದು ಆಗ ಅವಳಿಗೆ ಮನದಟ್ಟಾಯಿತು.

ಮಹಾಯುದ್ಧದ ಕಾಲದಲ್ಲಿ ಆಕೆಯ ತಂಗಿ ಡೊರೊತಿ ಬಕ್ಸ್‌ಟನ್ ಒಂದು ಸಾಹಸವನ್ನು ಕೈಗೊಂಡಿದ್ದಳು. ಶತ್ರುದೇಶಗಳ ವೃತ್ತಪತ್ರಿಕೆಗಳನ್ನೂ ತರಿಸಿ, ಅವುಗಳಲ್ಲಿನ ಸುದ್ದಿಯನ್ನು ಅನುವಾದ ಮಾಡಿಸಿ ಕೇಂಬ್ರಿಜಿನ ಪತ್ರಿಕೆಯೊಂದರಲ್ಲಿ ಪ್ರಕಟಿಸುತ್ತಿದ್ದಳು. ಈ ಕಾರ್ಯದಲ್ಲಿ ಅಕ್ಕನೂ ಕೈಜೋಡಿಸಿದಳು. ಯುದ್ಧದ ಸದ್ದಿನಲ್ಲಿ ಕೇಳದೆ ಹೋದ ಆಚೆಯ ದಡದ ಅಳು ಈ ಸೋದರಿಯರಿಗೆ ಕೇಳಿಸಿತು. 1919ರ ಪ್ರಾರಂಭದಲ್ಲಿ ಸಮಾನಮನಸ್ಕರೊಡನೆ ಕ್ಷಾಮನಿವಾರಣೆಯ ಮಂಡಲಿಯೊಂದು ಸ್ಥಾಪಿತವಾಯಿತು. ದಿಗ್ಬಂಧನವನ್ನು ತೆಗೆಯುವಂತೆ ಸರಕಾರವನ್ನು ಒತ್ತಾಯಪಡಿಸುವುದೇ ಅದರ ಗುರಿ. ಆ ಕರಪತ್ರ ಹುಟ್ಟಿದ್ದು ಹೀಗೆ.

ಯುದ್ಧಕಾಲದ ರಾಜ್ಯರಕ್ಷಣಾ ಶಾಸನದ ಪ್ರಕಾರ ಇಂತಹ ಕರಪತ್ರಗಳನ್ನು ಸರಕಾರದ ಅನುಮತಿ ಪಡೆಯದೆ ಪ್ರಕಟಿಸುವಂತಿರಲಿಲ್ಲ. ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ಸರಕಾರದ ಪರವಾಗಿ ವಾದಿಸಿದವನು ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಎಂಬ ಹೆಸರಾಂತ ವಕೀಲ. ಜೆಬ್ ತನ್ನ ಪರವಾಗಿ ತಾನೇ ಮಾತನಾಡಿದಳು. ಕಾನೂನಿನ ಕಣ್ಣಿನಲ್ಲಿ ಆಕೆ ಅಪರಾಧಿಯೇ. ಅನುಮತಿ ಪಡೆಯದಿದ್ದುದು ನಿಜ. ಅದನ್ನು ಮರೆಮಾಚದೆ, ತಾನು ಏಕೆ ಹಾಗೆ ಮಾಡಬೇಕಾಯಿತೆಂಬುದನ್ನು ನ್ಯಾಯಸ್ಥಾನದ ಮುಂದಿಟ್ಟಳು. ಸೆರೆಮನೆಯ ಶಿಕ್ಷೆಯನ್ನೂ ಎದುರಿಸಲು ಸಿದ್ಧಳಾಗಿದ್ದವಳಿಗೆ ದೊರೆತದ್ದು ಐದು ಪೌಂಡುಗಳ ದಂಡ. ವಿಚಾರಣೆ ಮುಗಿದೊಡನೆ ಬಾಡ್ಕಿನ್ ಆಕೆಯ ಬಳಿಗೆ ಬಂದು ತನ್ನ ಸ್ವಂತ ಹಣದಿಂದ ಐದು ಪೌಂಡುಗಳ ನೋಟೊಂದನ್ನು ಅವಳ ಕೈಗಿತ್ತನು. ವಕೀಲನಾಗಿ ತನ್ನ ಕರ್ತವ್ಯವನ್ನು ಮಾಡಿ, ಮನುಷ್ಯನಾಗಿ ತನ್ನ ಋಣವನ್ನು ಸಲ್ಲಿಸಿದನೆನ್ನಬೇಕು. ಜೆಬ್ ಆ ಹಣವನ್ನು ತನ್ನ ದಂಡಕ್ಕೆ ಬಳಸಲಿಲ್ಲ. ಹಸಿದ ಮಕ್ಕಳಿಗಾಗಿ ತೆರೆಯಲಿದ್ದ ನಿಧಿಗೆ ಅದೇ ಮೊದಲ ಕಾಣಿಕೆಯಾಯಿತು.

1919ನೆಯ ಮೇ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಸಭಾಂಗಣ ಕಿಕ್ಕಿರಿದು ತುಂಬಿತ್ತು. ಬಂದವರೆಲ್ಲರೂ ಕರುಣೆಯಿಂದ ಬಂದವರಲ್ಲ. ಮಗನನ್ನೋ ಗಂಡನನ್ನೋ ರಣರಂಗದಲ್ಲಿ ಕಳೆದುಕೊಂಡ ಮನೆಗಳು ಇಂಗ್ಲೆಂಡಿನಲ್ಲಿ ಲೆಕ್ಕವಿಲ್ಲದಷ್ಟಿದ್ದವು. ಕೊಂದವರ ಮಕ್ಕಳಿಗೆ ಹಾಲೆರೆಯಿರೆಂದು ಕೇಳುವ ಈ ದೇಶದ್ರೋಹಿಗಳ ಮೇಲೆ ಎಸೆಯಲೆಂದು ಕೆಲವರು ಕೊಳೆತ ಹಣ್ಣುಗಳನ್ನೂ ತಂದಿದ್ದರೆಂದು ಹೇಳುತ್ತಾರೆ. ಸೋದರಿಯರು ಮಾತನಾಡಿದರು. ಜೆಬ್‌ಳ ಧ್ವನಿ ಮೊದಮೊದಲು ಅಳುಕಿ, ಬರಬರುತ್ತ ಗಟ್ಟಿಯಾಯಿತು. ಮಕ್ಕಳು ಹಸಿವಿನಿಂದ ಸಾಯುವುದನ್ನು ಕೈಕಟ್ಟಿ ನೋಡುವುದು ಯಾವ ದೇಶಭಕ್ತಿಗೂ ಭೂಷಣವಲ್ಲವೆಂದು ಆಕೆ ವಿವರಿಸಿದಂತೆ ಸಭೆಯ ಬಿಸಿ ಇಳಿಯಿತು. ಹಣ್ಣುಗಳು ಚೀಲದಲ್ಲಿಯೇ ಉಳಿದವು. ಜನ ಹಣವನ್ನು ಕೊಟ್ಟರು. ಸೇವ್ ದಿ ಚಿಲ್ಡ್ರನ್ ಫಂಡ್ ಎಂಬ ಮಕ್ಕಳ ರಕ್ಷಣಾ ನಿಧಿ ಹೀಗೆ ಲೋಕದ ಮುಂದೆ ಬಂದಿತು.

ಆಕೆ ಸ್ವತಃ ರೋಮ್ ನಗರಕ್ಕೆ ಹೋಗಿ ಹದಿನೈದನೆಯ ಬೆನೆಡಿಕ್ಟ್ ಪೋಪರನ್ನು ಕಂಡಳು. ಪ್ರೊಟೆಸ್ಟೆಂಟ್ ಪಂಥದ ಮಹಿಳೆಯ ಬಿನ್ನಹವನ್ನು ಮನ್ನಿಸಿ ಪೋಪರು 1919ನೆಯ ಡಿಸೆಂಬರ್ 28ರಂದು ಜಗತ್ತಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಮಕ್ಕಳಿಗಾಗಿ ಹಣ ಸಂಗ್ರಹಿಸುವಂತೆ ಆದೇಶಿಸಿದರು. ಮುಂದಿನ ವರ್ಷ ಹಲವು ದೇಶಗಳ ಇಂತಹ ಸಂಸ್ಥೆಗಳ ಒಕ್ಕೂಟ ಜಿನೀವದಲ್ಲಿ ಸ್ಥಾಪಿತವಾಯಿತು. 1921ರಲ್ಲಿ ರಷ್ಯದ ವೋಲ್ಗಾ ನದಿಯ ಬಯಲಿನಲ್ಲಿ ಭೀಕರ ಕ್ಷಾಮ ತಲೆದೋರಿದಾಗ, ಕ್ರಾಂತಿಕಾರಿಗಳ ದೇಶಕ್ಕೆ ನೆರವೇಕೆಂದು ಬ್ರಿಟನ್ನಿನ ಕೆಲವು ಪತ್ರಿಕೆಗಳು ಹರಿಹಾಯ್ದವು. ಜೆಬ್ ಜಗ್ಗಲಿಲ್ಲ. ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಳು; ಕ್ಷಾಮಪ್ರದೇಶದ ಚಲನಚಿತ್ರವನ್ನು ತೆಗೆಸಿ ತೋರಿಸಿದಳು. ದಾನಕ್ಕೆ ಪ್ರಚಾರದ ಆಡಂಬರವೇಕೆಂದು ಮೂಗು ಮುರಿದವರೂ ಇದ್ದರು. ಆದರೆ ಸರಾಟೊವ್ ಪ್ರಾಂತದಲ್ಲಿ ಈ ನಿಧಿಯ ಪಾಕಶಾಲೆಗಳಿಂದ ಲಕ್ಷಾಂತರ ಮಕ್ಕಳಿಗೆ ಆಹಾರ ದೊರೆಯಿತು.

ಇಷ್ಟಾದರೂ ಆಕೆಗೆ ಸಮಾಧಾನವಿರಲಿಲ್ಲ. ಜನರ ಮರುಕ ಮಳೆಯಂತೆ. ಒಂದು ವರ್ಷ ಸುರಿದರೆ ಇನ್ನೊಂದು ವರ್ಷ ಕೈಕೊಡುತ್ತದೆ. ಮಗುವಿನ ಹಾಲು, ಔಷಧಿ, ವಿದ್ಯೆಗಳು ಇಂತಹ ಮಳೆಯನ್ನು ನಂಬಿ ಎಷ್ಟುಕಾಲ ಇರಬೇಕು? ಅವು ಮಗುವಿಗೆ ಸಲ್ಲತಕ್ಕ ಹಕ್ಕು ಎಂದು ರಾಷ್ಟ್ರಗಳು ಒಪ್ಪುವಂತಾಗಬೇಕೆಂಬ ವಿಚಾರ ಅವಳ ಮನಸ್ಸಿನಲ್ಲಿ ಬೇರೂರಿತು. ಜಿನೀವದ ಸಮೀಪದ ಸಲೇವ್ ಬೆಟ್ಟವನ್ನೇರಿ, ಕೆಳಗಿನ ಸರೋವರವನ್ನು ನೋಡುತ್ತ ಆಕೆ ಈ ಹಕ್ಕುಗಳ ಘೋಷಣೆಯ ಕರಡನ್ನು ಬರೆದಳೆಂದು ಪ್ರತೀತಿಯಿದೆ. ಬರೆದ ಸ್ಥಳ ಯಾವುದೇ ಇರಲಿ, 1923ರಲ್ಲಿ ಸಿದ್ಧವಾದ ಆ ಪತ್ರ ಒಂದು ಪುಟವನ್ನು ಮೀರಲಿಲ್ಲ. ಅದರಲ್ಲಿದ್ದುದು ಐದೇ ಸೂತ್ರಗಳು. ಮಗುವಿನ ದೇಹವೂ ಆತ್ಮವೂ ಸಹಜವಾಗಿ ಬೆಳೆಯಲು ಬೇಕಾದ ಸಾಧನಗಳನ್ನು ಒದಗಿಸುವುದು ಮೊದಲನೆಯದು. ಹಸಿದವನಿಗೆ ಅನ್ನ, ರೋಗಿಗೆ ಶುಶ್ರೂಷೆ, ಹಿಂದುಳಿದವನಿಗೆ ಆಸರೆ, ದಾರಿ ತಪ್ಪಿದವನಿಗೆ ತಿದ್ದುಪಡಿ, ಅನಾಥನಿಗೆ ಆಶ್ರಯ ಎಂಬುದು ಎರಡನೆಯದು. ಸಂಕಟ ಬಂದಾಗ ಮೊದಲ ನೆರವು ಮಗುವಿಗೆ ಸಲ್ಲಬೇಕೆಂಬುದು ಮೂರನೆಯದು. ಜೀವನೋಪಾಯಕ್ಕೆ ತಕ್ಕ ಶಿಕ್ಷಣ ಹಾಗೂ ಶೋಷಣೆಯಿಂದ ರಕ್ಷಣೆ ನಾಲ್ಕನೆಯದು. ತನ್ನ ಶಕ್ತಿ ಸಾಮರ್ಥ್ಯಗಳು ಇತರರ ಸೇವೆಗೂ ಸಲ್ಲಬೇಕೆಂಬ ಅರಿವಿನಲ್ಲಿ ಮಗು ಬೆಳೆಯಬೇಕೆಂಬುದು ಐದನೆಯದು. ಜನಾಂಗ, ರಾಷ್ಟ್ರ, ಮತಗಳ ಭೇದ ಇವುಗಳಿಗೆ ಅಡ್ಡಬರತಕ್ಕದ್ದಲ್ಲ.

1924ನೆಯ ಸೆಪ್ಟೆಂಬರ್ 26ರಂದು ಜಿನೀವದಲ್ಲಿ ಸೇರಿದ್ದ ರಾಷ್ಟ್ರಸಂಘದ ಮಹಾಸಭೆ ಈ ಘೋಷಣೆಯನ್ನು ಅಂಗೀಕರಿಸಿತು. ಐದು ವರ್ಷಗಳ ಹಿಂದೆ ಒಂದು ಹಾಳೆಯನ್ನು ಹಂಚಿದ್ದಕ್ಕಾಗಿ ದಂಡ ತೆತ್ತವಳು ಬರೆದ ಇನ್ನೊಂದು ಹಾಳೆಗೆ ಸರಕಾರಗಳ ಪ್ರತಿನಿಧಿಗಳು ಸಮ್ಮತಿಯಿತ್ತರು. ಇದರ ನ್ಯೂನತೆಗಳನ್ನೂ ಗಮನಿಸಬೇಕು. ಒಪ್ಪಿದ ಮಾತ್ರಕ್ಕೆ ಯಾವ ಸರಕಾರವೂ ಅದಕ್ಕೆ ಕಟ್ಟುಬೀಳಬೇಕಾಗಿರಲಿಲ್ಲ, ತಪ್ಪಿದವರನ್ನು ಕೇಳುವವರಿರಲಿಲ್ಲ. ದೊಡ್ಡವರು ಮಾಡಬೇಕಾದ ಕರ್ತವ್ಯಗಳನ್ನು ಅದು ಹೇಳಿತೇ ಹೊರತು, ತನ್ನ ವಿಷಯದಲ್ಲಿ ಮಗುವಿಗೂ ಒಂದು ಅಭಿಪ್ರಾಯವಿರಬಹುದೆಂಬುದು ಅದರಲ್ಲಿ ಬರಲಿಲ್ಲ.

ಆಕೆಯ ಕಡೆಯ ವರ್ಷಗಳೆಲ್ಲ ಜಿನೀವದ ಸಮಿತಿಗಳಲ್ಲಿ, ಪತ್ರವ್ಯವಹಾರದಲ್ಲಿ, ಪ್ರವಾಸದಲ್ಲಿ ಕಳೆದವು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ರೋಗ ಬಹುಕಾಲದಿಂದ ಅವಳನ್ನು ಕಾಡುತ್ತಿತ್ತು. 1928ನೆಯ ಡಿಸೆಂಬರ್ 17ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಜಿನೀವದಲ್ಲಿ ಆಕೆ ತೀರಿಕೊಂಡಳು. ಅವಿವಾಹಿತೆಯಾಗಿದ್ದ ಆಕೆಗೆ ಸ್ವಂತ ಮಕ್ಕಳಿರಲಿಲ್ಲ. ಆ ಊರಿನಲ್ಲಿಯೇ ಅವಳ ಸಮಾಧಿಯಾಯಿತು.

ಆಕೆಯ ಐದು ಸೂತ್ರಗಳು 1959ನೆಯ ನವೆಂಬರ್ 20ರಂದು ವಿಶ್ವಸಂಸ್ಥೆಯ ಘೋಷಣೆಯಲ್ಲಿ ಹತ್ತಾದವು. ಮೂವತ್ತು ವರ್ಷಗಳ ಅನಂತರ ಅದೇ ದಿನ, 1989ರಲ್ಲಿ, ಮಕ್ಕಳ ಹಕ್ಕುಗಳ ಒಡಂಬಡಿಕೆಯಾಗಿ ಐವತ್ತನಾಲ್ಕು ವಿಧಿಗಳಿಗೆ ಬೆಳೆದವು. ಇದು ಬರಿಯ ಘೋಷಣೆಯಲ್ಲ. ಒಪ್ಪಿದ ಸರಕಾರಗಳು ತಾವು ಮಾಡಿದ್ದೇನೆಂಬುದನ್ನು ಕಾಲಕಾಲಕ್ಕೆ ವರದಿಮಾಡಬೇಕು. ಮಗುವಿನ ಅಭಿಪ್ರಾಯಕ್ಕೂ ಇಲ್ಲಿ ಸ್ಥಾನ ದೊರೆಯಿತು. ಹಸಿದ ಮಗುವಿಗೆ ಉಣಿಸುವುದು ಆಳುವವರ ಹೊಣೆಯೆಂಬ ವಿಚಾರ ನಮ್ಮ ನಾಡಿಗೂ ಹೊಸದಲ್ಲ. ಭಾರತ ಸರಕಾರ 1975ನೆಯ ಅಕ್ಟೋಬರ್ 2ರಂದು ಮೂವತ್ಮೂರು ಪ್ರದೇಶಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿಗಳು ಇಲ್ಲಿಗೆ ಬಂದದ್ದು ಆಗ. 1992ನೆಯ ಡಿಸೆಂಬರ್ 11ರಂದು ಭಾರತ ಈ ಒಡಂಬಡಿಕೆಯನ್ನು ಒಪ್ಪಿತು. ಆದರೆ ಮಕ್ಕಳ ದುಡಿಮೆಗೆ ಸಂಬಂಧಿಸಿದ ಮೂವತ್ತೆರಡನೆಯ ವಿಧಿಯನ್ನು ಒಮ್ಮೆಗೇ ಜಾರಿಗೆ ತರಲು ಸಾಧ್ಯವಿಲ್ಲ, ಹಂತಹಂತವಾಗಿ ತರುವೆನೆಂದು ಆಗ ತಿಳಿಸಿತು. ಜೆಬ್ ನಾಲ್ಕನೆಯ ಸೂತ್ರದಲ್ಲಿ ಬರೆದಿದ್ದುದು ಇದನ್ನೇ.

2024ರಲ್ಲಿ, ಆಕೆಯ ಘೋಷಣೆಗೆ ನೂರು ವರ್ಷ ತುಂಬಿದಾಗ, ಜಿನೀವ ನಗರದವರು ಅವಳ ಅವಶೇಷಗಳನ್ನು ಹಳೆಯ ಸಮಾಧಿಯಿಂದ ತೆಗೆದು, ತಮ್ಮ ಊರಿನ ಮಾನ್ಯರನ್ನು ಹೂಳುವ ಸ್ಮಶಾನಕ್ಕೆ ತಂದು ಗೌರವದಿಂದ ಇರಿಸಿದರು.