ಡಬ್ಲಿನ್ನಿನ ವೆಲ್ಲೆಸ್ಲಿ

1799ರಲ್ಲಿ ಟೀಪೂ ಸುಲ್ತಾನನು ಮಡಿದ ಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಐರ್ಲೆಂಡಿನಲ್ಲಿ ಹುಟ್ಟಿದವನೆಂಬುದನ್ನು, ಆ ಸೌಧವನ್ನು ಕಾಣಲೆಂದು ಹೊಸಹೊಳಲು ಮೊದಲಾದ ಊರುಗಳಿಂದ ಬರುವವರಲ್ಲಿ ಬಲ್ಲವರು ವಿರಳ. 1769ರಲ್ಲಿ ಡಬ್ಲಿನ್ನಿನಲ್ಲಿ ಜನಿಸಿದ ಈತನ ಪೂರ್ವಜರು ಆ ದ್ವೀಪದಲ್ಲಿ ಶತಮಾನಗಳಿಂದ ನೆಲೆಸಿದ್ದರೂ ವಂಶದಿಂದ ಆಂಗ್ಲೇಯರು, ಮತದಿಂದ ಪ್ರಾಟೆಸ್ಟೆಂಟರು. ಕುಲನಾಮವಾದರೂ ಸ್ಥಿರವೇ? ಕಾಲಿ ವಂಶದ ಅಜ್ಜನು 1728ರಲ್ಲಿ ಬಂಧುವಿನ ಆಸ್ತಿಯೊಡನೆ ವೆಸ್ಲಿ ಎಂಬ ಹೆಸರನ್ನು ಪಡೆದನು. ಮೊಮ್ಮಗನು 1798ರಲ್ಲಿ ವೆಲ್ಲೆಸ್ಲಿಯಾದನು. ಜನಾಂಗವನ್ನು ಹೆಸರಿನಿಂದ ಅಳೆಯುವವರು ಇದನ್ನು ಗಮನಿಸತಕ್ಕದ್ದು.

1800ರಲ್ಲಿ ಈತನ ಸೈನ್ಯವು ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದಿತು. ಅನಾಥನಾದ ಬಾಲಕ ಸಲಾಬತ್ ಖಾನನನ್ನು ಈತನೇ ಸಲಹಿದನು. ಈತನು ಹಿಂದೆ ಸದಸ್ಯನಾಗಿದ್ದ ಐರಿಷ್ ಪಾರ್ಲಿಮೆಂಟು ತನ್ನ ಅಂತ್ಯಕ್ಕೆ ತಾನೇ ಒಪ್ಪಿಗೆಯಿತ್ತುದೂ ಅದೇ ವರ್ಷ.

ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಕುದುರೆಯಾಗಲಾರೆನೆಂದು ಈತನು ಜನ್ಮಭೂಮಿಯನ್ನು ಹಳಿದನೆಂಬ ಪ್ರತೀತಿ ತಪ್ಪು. ಅದು 1843ರಲ್ಲಿ ಐರಿಷ್ ಮುಖಂಡ ಡೇನಿಯಲ್ ಓಕಾನಲನು ಈತನನ್ನು ಕುರಿತು ಆಡಿದ ಅಣಕ. ಆ ದೇಶೀಯರೇ ಈತನನ್ನು ತಮ್ಮವನೆನ್ನಲಿಲ್ಲ. ಆದರೂ 1829ರಲ್ಲಿ ಪ್ರಧಾನಿಯಾಗಿ, ದೊರೆಗೆ ಮನಸ್ಸಿಲ್ಲದಿದ್ದರೂ, ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲನ್ನು ತೆರೆದವನು ಈತನೇ. ಒಲವಿನಿಂದಲ್ಲ, ಅಂತಃಕಲಹದ ಭಯದಿಂದ. ಓಕಾನಲನು ಒಳಹೊಕ್ಕುದೂ ಆ ಬಾಗಿಲಿನಿಂದಲೇ. 1852ರಲ್ಲಿ ತೀರಿಕೊಂಡ ವೆಲ್ಲೆಸ್ಲಿಯ ಸಮಾಧಿಯಿರುವುದು ಲಂಡನ್ನಿನಲ್ಲಿ.