ಹಳೇ ಪೆನ್ನಿನ ಬೆಲೆ, ಬಾಬಾಸಾಹೇಬರ ಲೆಕ್ಕ

ಹಳೇ ಫೌಂಟನ್ ಪೆನ್ನು ಕೊಳ್ಳೋ ಹುಚ್ಚು ಈಗ ಇಂಜಿನಿಯರಿಂಗ್ ಹುಡುಗರಿಗೂ ಹತ್ತಿದೆ. ಮಾರುವವರು ಸಾವಿರಗಟ್ಟಲೆ ಕೇಳ್ತಾರೆ. ಎಷ್ಟು ಕೊಟ್ಟರೆ ನ್ಯಾಯ? ಈ ಪ್ರಶ್ನೆ ಬಂದಾಗ ನೆನಪಿಗೆ ಬರೋದು ಡಾ. ಬಿ. ಆರ್. ಅಂಬೇಡ್ಕರ್. ಹಳೇ ಪುಸ್ತಕದಂಗಡಿ ಮತ್ತು ಒಳ್ಳೇ ಪೆನ್ನು, ಈ ಎರಡರ ಆಸೆಯೂ ಅವರಿಗೆ ಬಾಳಿನುದ್ದಕ್ಕೂ ಬಿಡಲಿಲ್ಲ.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. ಸಾತಾರಾ ಶಾಲೆಯಲ್ಲಿ ಹುಡುಗ ಭೀಮ ಬೇರೆ ಕೂರಬೇಕಿತ್ತು. ಕೂರೋ ಗೋಣಿತಟ್ಟನ್ನೂ ಮನೆಯಿಂದ ತರಬೇಕಿತ್ತು. ಮುಂದೆ ಕುಟುಂಬ ಮುಂಬೈಗೆ ಬಂತು. ಮಗ ಪುಸ್ತಕ ಬೇಕು ಅಂದರೆ ತಂದೆ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಸಾಲ ಕೇಳ್ತಿದ್ದರು. ದುಡ್ಡಿಲ್ಲದಿದ್ದರೆ ಅವರ ಒಡವೆ ಇಸ್ಕೊಂಡು ಒತ್ತೆ ಇಟ್ಟು, ಪಿಂಚಣಿ ಬಂದ ಮೇಲೆ ಬಿಡಿಸಿ ಕೊಡ್ತಿದ್ದರು. ಪುಸ್ತಕದ ಬೆಲೆ ರೂಪಾಯಿಯಲ್ಲಷ್ಟೇ ಇರಲ್ಲ ಅನ್ನೋದು ಆ ಹುಡುಗನಿಗೆ ಆಗಲೇ ಗೊತ್ತಾಗಿರಬೇಕು.

1907ರಲ್ಲಿ ಮೆಟ್ರಿಕ್ ಆಯ್ತು. ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಬಿ.ಎ. ಮುಗೀತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮಗ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆಂದು ನ್ಯೂಯಾರ್ಕಿಗೆ ಹೊರಟರು. ಒತ್ತೆ ಇಟ್ಟು ಓದಿಸಿದವರು ಅದನ್ನ ನೋಡಲಿಲ್ಲ.

ನ್ಯೂಯಾರ್ಕಿನಲ್ಲಿ ಕೈಗೆ ಬರೋ ವೇತನದಲ್ಲೇ ಊಟ, ಬಾಡಿಗೆ, ಮನೆಗೆ ಕಳಿಸೋದು ಎಲ್ಲ ನಡೀಬೇಕಿತ್ತು. ಆದರೂ ಊಟದಲ್ಲಿ ಉಳಿಸಿ ಹಳೇ ಪುಸ್ತಕದ ಅಂಗಡಿ ಸುತ್ತಿದರು. ಸುಮಾರು 2,000 ಪುಸ್ತಕ ಕೂಡಿದವು. ರಟ್ಟು ಸವೆದಿದ್ದರೂ ಒಳಗಿನ ವಿಷಯ ಹೊಸ ಪ್ರತಿಯಲ್ಲಿ ಇರೋದೇ. ಬಡ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೇ ವ್ಯಾಪಾರ ಎಲ್ಲಿದೆ?

ಆ ಪುಸ್ತಕಗಳು ಮನೆ ಮುಟ್ಟಲೇ ಇಲ್ಲ. 1917ರಲ್ಲಿ ವೇತನದ ಅವಧಿ ಮುಗಿದು ಲಂಡನ್ನಿನಿಂದ ವಾಪಸ್ ಬರುವಾಗ, ಸಾಮಾನು ಬರ್ತಿದ್ದ ಹಡಗು ಮಹಾಯುದ್ಧದ ಟಾರ್ಪೆಡೊಗೆ ಸಿಕ್ಕಿ ಮುಳುಗಿತು. ನಷ್ಟ ಪರಿಹಾರವಾಗಿ ಬಂದ ಹಣ ಬರೋಡಾ ಕೆಲಸಕ್ಕೆ ಹೋಗೋ ಖರ್ಚಿಗಾಯ್ತು. ಅಲ್ಲಿ ಜವಾನರು ಕಡತಗಳನ್ನ ದೂರದಿಂದ ಎಸೀತಿದ್ದರು. ಇರೋದಕ್ಕೆ ಒಂದು ಕೋಣೆ ಸಿಗಲಿಲ್ಲ. ಕೆಲಸ ಬಿಟ್ಟು ಬಂದರು. ಮುಂಬೈ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಉಳಿಸಿ, ಗೆಳೆಯರ ಹತ್ತಿರ ಸಾಲ ಮಾಡಿ 1920ರಲ್ಲಿ ಮತ್ತೆ ಲಂಡನ್ ಸೇರಿದರು. 1923ರಲ್ಲಿ ಡಿ.ಎಸ್ಸಿ. ಪದವಿ ಬಂತು. ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ. ರೂಪಾಯಿಯ ಮೌಲ್ಯ ಏರಿಳಿದರೆ ಬಡವನ ಜೇಬಿಗೆ ಏನಾಗ್ತದೆ ಅನ್ನೋದು ಅವರಿಗೆ ಬರೀ ಪುಸ್ತಕದ ಮಾತಾಗಿರಲಿಲ್ಲ.

ನಮ್ಮ ಚಿಕ್ಕೋಡಿ-ನಿಪ್ಪಾಣಿ ಸೀಮೆಗೂ ಅವರಿಗೂ ನಂಟಿದೆ. 1920ರ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವದಲ್ಲಿ ಪರಿಷತ್ತು ನಡೀತು. ನಮ್ಮ ಗಡಿಯ ಪಕ್ಕದ ಊರದು. ಶಾಹು ಮಹಾರಾಜರೇ ಅಲ್ಲಿಗೆ ಬಂದು ಈ ತರುಣನ ಬೆನ್ನಿಗೆ ನಿಂತರು. 1925ರ ಜನವರಿಯಲ್ಲಿ ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣಿ ಸಭಾ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆಯಿತು. ಅದೇ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತದ ದಲಿತರ ಪರಿಷತ್ತಿಗೆ ಅವರು ನಿಪ್ಪಾಣಿಗೆ ಬಂದರು. ನಿಪ್ಪಾಣಿ ಅಂದರೆ ತಂಬಾಕು ಅಂತಷ್ಟೇ ತಿಳಿದ ನಾವು ಇದನ್ನೂ ನೆನಪಿಡಬೇಕು.

ಮುಂದೆ ದುಡಿಮೆ ಕೈಗೆ ಬಂದಾಗ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು, ಪುಸ್ತಕಗಳಿಗೆ ಜಾಗ ಸಾಕಾಗುವಂತೆ. ಒಳ್ಳೇ ಫೌಂಟನ್ ಪೆನ್ನಿನ ಮೇಲಿನ ಅವರ ಪ್ರೀತಿ ಹತ್ತಿರದವರಿಗೆಲ್ಲ ಗೊತ್ತಿತ್ತು. ಅದು ಶೋಕಿಯಲ್ಲ. ರಾತ್ರಿಯಿಡೀ ಬರೆಯುವವನಿಗೆ ಕೈ ನೋಯಿಸದ ಪೆನ್ನು ಅಂದರೆ ರೈತನಿಗೆ ಒಳ್ಳೇ ಕುಡುಗೋಲು ಇದ್ದಂಗೆ. 1947ರ ಆಗಸ್ಟ್ 29ರಂದು ಸಂವಿಧಾನದ ಕರಡು ಸಮಿತಿ ರಚನೆಯಾಯ್ತು. ಅವರು ಅದರ ಅಧ್ಯಕ್ಷರಾದರು. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಯ್ತು.

ಇಲ್ಲೊಂದು ಎಚ್ಚರಿಕೆ. ಸಂವಿಧಾನದ ಮೂಲ ಪ್ರತಿಯಲ್ಲಿರೋ ಇಂಗ್ಲಿಷ್ ಕೈಬರಹ ಪ್ರೇಮ್ ಬಿಹಾರಿ ನಾರಾಯಣ್ ರೈಜಾದಾ ಅವರದು. ಅದನ್ನ ಬರೆದದ್ದು ಶಾಯಿಯಲ್ಲಿ ಅದ್ದಿ ಬರೆಯೋ ನಿಬ್ಬಿನಿಂದ. ದೊಡ್ಡವರ ಕಥೆ ಅಂಟಿಸಿ ಯಾರಾದರೂ ಪೆನ್ನು ಮಾರಿದರೆ ಕಥೆಗೆ ದುಡ್ಡು ಕೊಡಬೇಡಿ, ಪೆನ್ನಿಗೆ ಕೊಡಿ. ನಿಬ್ಬಿನ ತುದಿಯ ಗಟ್ಟಿ ಲೋಹ ಸವೆದಿದೆಯಾ, ಎರಡು ಸೀಳು ಸಮನಾಗಿವೆಯಾ, ಕ್ಯಾಪಿನ ಬಾಯಲ್ಲಿ ಬಿರುಕಿದೆಯಾ, ಭೂತಗನ್ನಡಿ ಹಿಡಿದು ನೋಡಿ. ಒಳಗಿನ ರಬ್ಬರ್ ಚೀಲ ಹಳೇದಾದಷ್ಟೂ ಗಟ್ಟಿಯಾಗಿ ಒಡೀತದೆ. ಅದನ್ನ ಬದಲಾಯಿಸೋ ಖರ್ಚು ಕಳೆದ ಮೇಲೆ ಉಳಿದದ್ದೇ ನ್ಯಾಯವಾದ ಬೆಲೆ. ಮಾರುವವನಿಗೂ ಮೋಸ ಆಗಬಾರದು. ಕಷ್ಟಕ್ಕೆ ಅಜ್ಜನ ಪೆನ್ನು ಮಾರೋ ಮನೆಯಲ್ಲಿ ಚೌಕಾಸಿಗೂ ಒಂದು ಮಿತಿ ಇರಲಿ.

1956ರ ಡಿಸೆಂಬರ್ 5ರ ರಾತ್ರಿಯೂ ಅವರು ಬುದ್ಧನ ಕುರಿತ ತಮ್ಮ ಗ್ರಂಥದ ಮುನ್ನುಡಿ ತಿದ್ದೋ ಕೆಲಸದಲ್ಲಿದ್ದರು. ಮರುದಿನ ಬೆಳಗಿಗೆ ಅವರಿರಲಿಲ್ಲ. ಪುಸ್ತಕ ಮರುವರ್ಷ ಅಚ್ಚಾಯ್ತು.