ಕೋಲ್ಟನ ಪಿಸ್ತೂಲು

ಸಿನಿಮಾದ ನಾಯಕನು ಒಂದೇ ಕೈಯಲ್ಲಿ ರಿವಾಲ್ವರ್ ಹಿಡಿದು, ಹೂವೆಸೆದಷ್ಟು ಹಗುರಾಗಿ ಗುಂಡು ಹಾರಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಮಲೆನಾಡಿನಲ್ಲಿ ಕೇಪಿನ ಕೋವಿಗೆ ಮದ್ದು ತುಂಬಿದವರನ್ನು ಕೇಳಿ ನೋಡಿ. ಮದ್ದು ಸ್ವಲ್ಪ ಹೆಚ್ಚಾದರೆ ಕೋವಿ ಹೆಗಲಿಗೆ ಒದೆಯುತ್ತದೆ. ಇನ್ನೂ ಹೆಚ್ಚಾದರೆ ನಳಿಗೆಯೇ ಸಿಡಿಯುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನ ಬಾಳಿನ ಬಹುಭಾಗ ಕಳೆದದ್ದು ಈ ಲೆಕ್ಕದಲ್ಲಿಯೇ.

ಈತನು 1814ರಲ್ಲಿ ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡಿನಲ್ಲಿ ಹುಟ್ಟಿದನು. ಹದಿನಾರನೆಯ ವಯಸ್ಸಿನಲ್ಲಿ, ಬಾಸ್ಟನ್ನಿನಿಂದ ನಮ್ಮ ಕಲ್ಕತ್ತೆಗೆ ಹೊರಟ ಕಾರ್ವೋ ಎಂಬ ಹಡಗಿನಲ್ಲಿ ಕೆಲಸಕ್ಕೆ ಸೇರಿದನು. ತಿರುಗುವ ಸಿಲಿಂಡರಿನ ಮಾದರಿಯನ್ನು ಮರದಲ್ಲಿ ಕೆತ್ತಿದ್ದು ಆ ಪ್ರಯಾಣದಲ್ಲಂತೆ. ಮರಳಿದ ಮೇಲೆ ಬಂಡವಾಳಕ್ಕಾಗಿ ಡಾಕ್ಟರನೆಂದು ಹೇಳಿಕೊಂಡು ಊರೂರು ಅಲೆದು, ಜನರಿಗೆ ನಗೆಯನಿಲ ಮೂಸಿಸಿ ಹಣ ಗಳಿಸಿದನು. 1836ರಲ್ಲಿ ಪೇಟೆಂಟು ಸಿಕ್ಕಿತು, ಪ್ಯಾಟರ್ಸನ್ನಿನಲ್ಲಿ ಕಾರ್ಖಾನೆಯೂ ಎದ್ದಿತು; 1842ರಲ್ಲಿ ಕಂಪನಿ ದಿವಾಳಿಯಾಯಿತು. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳ ನಡುವೆ ಕೂರುವ ನನಗೆ ಒಂದು ಮಾತು ಖಾತ್ರಿ: ಆ ವರ್ಷ ಕೋಲ್ಟನು ನಮ್ಮ ಕೌಂಟರಿಗೆ ಬಂದಿದ್ದರೆ ಬರಿಗೈಯಲ್ಲಿ ಹೋಗುತ್ತಿದ್ದನು.

ಅವನನ್ನು ಉಳಿಸಿದ್ದು ಮೆಕ್ಸಿಕೋ ಯುದ್ಧ. ಕೋಲ್ಟನ ಐದು ಗುಂಡಿನ ಪಿಸ್ತೂಲನ್ನು ಬಳಸಿ ಬಲ್ಲ ಸ್ಯಾಮ್ಯುಯೆಲ್ ವಾಕರ್ ಎಂಬ ಸೇನಾಧಿಕಾರಿಗೆ ಅದಕ್ಕಿಂತ ಬಲವಾದದ್ದು ಬೇಕಾಗಿತ್ತು. 1847ರ ಜನವರಿಯಲ್ಲಿ ಸಾವಿರ ಪಿಸ್ತೂಲುಗಳಿಗೆ ಸರ್ಕಾರದ ಆರ್ಡರು ಬಂದಿತು. ಸ್ವಂತ ಕಾರ್ಖಾನೆ ಇಲ್ಲದ ಕೋಲ್ಟನು ಕಿರಿಯ ಎಲಿ ವಿಟ್ನಿಯ ಕಾರ್ಖಾನೆಯಲ್ಲಿ ಅವನ್ನು ಮಾಡಿಸಿದನು. ಆರು ಗುಂಡು, ನಳಿಗೆಯ ಒಳಗಲ .44 ಅಂಗುಲ, ತೂಕ ಎರಡು ಕಿಲೋಗ್ರಾಂ. ಒಂದೊಂದು ಗುಂಡಿಗೂ 60 ಗ್ರೇನ್, ಅಂದರೆ ಸುಮಾರು ನಾಲ್ಕು ಗ್ರಾಂ ಕರಿಮದ್ದು ಹಿಡಿಯುತ್ತಿತ್ತು. ಆ ಭಾರವೇ ಹಿಂದೊದೆತವನ್ನು ಬಹಳಷ್ಟು ನುಂಗುತ್ತಿತ್ತು. ಆದರೆ ಅಷ್ಟು ತೂಕವನ್ನು ಸೊಂಟಕ್ಕೆ ಕಟ್ಟುವುದೆಂತು? ಕುದುರೆಯ ಜೀನಿಗೆ ತೂಗುಹಾಕಬೇಕಾಯಿತು. ಅದೂ ಸಾಲದೆ, ಗುಂಡು ಹಾರಿದ ಕುಲುಕಿಗೆ ನಳಿಗೆಯ ಕೆಳಗಿನ ಗಜ ಜಾರಿ ಸಿಲಿಂಡರನ್ನು ತಡೆಯುತ್ತಿತ್ತು. ತುಂಬು ಮದ್ದಿಗೆ ಕೆಲವು ಸಿಲಿಂಡರುಗಳು ಕೈಯಲ್ಲಿಯೇ ಸಿಡಿದವು. ಅಂದಿನ ಕಬ್ಬಿಣಕ್ಕೆ ಅಷ್ಟು ತ್ರಾಣವಿರಲಿಲ್ಲ. ವಾಕರನು ಅದೇ ವರ್ಷ ಅಕ್ಟೋಬರಿನಲ್ಲಿ ಯುದ್ಧದಲ್ಲಿ ಮಡಿದನು.

ಕೋಲ್ಟನಲ್ಲಿ ನಾನು ಮೆಚ್ಚುವುದು ಮುಂದಿನದನ್ನು. 1848ರ ಡ್ರಗೂನ್ ಮಾದರಿಯಲ್ಲಿ ಸಿಲಿಂಡರನ್ನು ಗಿಡ್ಡಮಾಡಿ ಮದ್ದನ್ನು ಇಳಿಸಿದನು, ಗಜಕ್ಕೆ ಗಟ್ಟಿಯಾದ ಚಿಲಕವಿಟ್ಟನು. 1851ರ ನೇವಿ ಮಾದರಿಯ ಒಳಗಲ .36, ತೂಕ ಸುಮಾರು 1.2 ಕಿಲೋ. ಒದೆತ ಕಡಿಮೆ, ಗುರಿ ನೆಟ್ಟಗೆ. ಆದರೆ ಗುಂಡು ಚಿಕ್ಕದು. ಲಂಡನ್ನಿನ ರಾಬರ್ಟ್ ಆಡಮ್ಸನ ರಿವಾಲ್ವರಿನ ಗುಂಡು ದೊಡ್ಡದು. ಕುದುರೆಯನ್ನು ಬೆರಳಿನಿಂದ ಎಳೆಯಬೇಕಾಗಿಲ್ಲ, ಬಿಲ್ಲನ್ನು ಒತ್ತಿದರೆ ಸಾಕು, ಆ ಒತ್ತು ಮಾತ್ರ ಬಿಗಿ. 1857ರ ಸಂಗ್ರಾಮದಲ್ಲಿ ನಮ್ಮ ನೆಲದಲ್ಲಿ ಹೋರಾಡಿದ ಇಂಗ್ಲಿಷ್ ಅಧಿಕಾರಿಗಳಲ್ಲಿ, ಮೈಮೇಲೆ ಬಿದ್ದವನನ್ನು ತಡೆಯಲು ದೊಡ್ಡ ಗುಂಡೇ ಬೇಕೆಂದು ಆಡಮ್ಸನ ಪಕ್ಷ ಹಿಡಿದವರು ಹಲವರು. ಅವರ ಗುಂಡಿಗೆ ಎದೆಯೊಡ್ಡಿದವರು ನಮ್ಮವರೆಂಬುದನ್ನು ನೆನೆದರೆ ಈ ಚರ್ಚೆಯ ರುಚಿ ಕೆಡುತ್ತದೆ.

1860ಕ್ಕೆ ಉತ್ತಮ ಉಕ್ಕು ದೊರೆತು, ನೇವಿಯಷ್ಟೇ ತೂಕದ ಪಿಸ್ತೂಲಿನಲ್ಲಿ .44ರ ಗುಂಡು ಕೂಡಿತು. ಮದ್ದು ವಾಕರ್ ಮಾದರಿಯ ಅರ್ಧ. ಎರಡು ವರ್ಷ ಕಳೆಯುವ ಮೊದಲೇ, 1862ರ ಜನವರಿ 10ರಂದು, 47ನೆಯ ವಯಸ್ಸಿನಲ್ಲಿ ಕೋಲ್ಟನು ತೀರಿಕೊಂಡನು. ಆಸ್ತಿ ಒಂದೂವರೆ ಕೋಟಿ ಡಾಲರೆಂದು ಅಂದಾಜು.

ಒಂದು ಮಾತ್ರ ಅವನ ಕೈತಪ್ಪಿತು. ಲೋಹದ ತೋಟಾಕ್ಕೆ ಒಪ್ಪುವ, ಉದ್ದಕ್ಕೂ ತೂತಿರುವ ಸಿಲಿಂಡರಿನ ಪೇಟೆಂಟು ರೋಲಿನ್ ವೈಟನದು. ಅದು ಸ್ಮಿತ್ ಮತ್ತು ವೆಸನ್ನರ ಪಾಲಾಯಿತು. ಅದರ ಅವಧಿ 1869ರಲ್ಲಿ ಮುಗಿಯಿತು. ಆಗ ಕಂಪನಿ ಪತ್ನಿ ಎಲಿಜಬೆತ್ತಳದು. 1864ರಲ್ಲಿ ಸುಟ್ಟುಹೋದ ಕಾರ್ಖಾನೆಯನ್ನು ಮತ್ತೆ ಕಟ್ಟಿಸಿದವಳು ಆಕೆಯೇ. 1873ರಲ್ಲಿ ಅಲ್ಲಿಂದ ಹೊರಟ ಪ್ರಸಿದ್ಧ .45ರ ತೋಟಾದಲ್ಲಿ 40 ಗ್ರೇನ್ ಮದ್ದು, 255 ಗ್ರೇನ್ ಸೀಸ. ಒದೆತ ಹೆಚ್ಚೆಂದು ಸೈನ್ಯವು ಮದ್ದನ್ನು 30 ಗ್ರೇನಿಗೆ ಇಳಿಸಿಕೊಂಡಿತು.